ಆಟದ ಗಣಕಯಂತ್ರಕ್ಕೆ ಎರಡು ಕೋರಿನ ಪ್ರೊಸೆಸರು: ಆಯ್ಕೆಯ ಒಂದು ಚಾರಿತ್ರಿಕ ವಿವೇಚನೆ

೧. ವಿಷಯ ಪ್ರವೇಶ

ಗಣಕಯಂತ್ರದ ಬಿಡಿಭಾಗವೊಂದನ್ನು ಕೊಳ್ಳುವ ವಿಚಾರಕ್ಕೆ ಇತಿಹಾಸ ವಿಭಾಗದ ಸಂಶೋಧನ ಸಂಚಿಕೆಯಲ್ಲಿ ಎಡೆಯುಂಟೇ ಎಂಬ ಪ್ರಶ್ನೆ ಓದುಗರಲ್ಲಿ ಸಹಜವಾಗಿ ಏಳಬಹುದು. ಅರಸರ ಶಾಸನಗಳನ್ನೂ ಕಂದಾಯದ ಪದ್ಧತಿಗಳನ್ನೂ ಕುರಿತು ಬರೆಯುವವರು ಪ್ರೊಸೆಸರಿನ ವೇಗವನ್ನು ಕುರಿತು ಬರೆಯುವುದು ಅಧಿಕಪ್ರಸಂಗವೆಂದು ಕೆಲವರಿಗೆ ತೋರಲೂಬಹುದು. ಆದರೆ ಇತಿಹಾಸವೆಂಬುದು ಬಹುಮಟ್ಟಿಗೆ ಮನುಷ್ಯರ ನಿರ್ಧಾರಗಳ ಅಧ್ಯಯನ. ಹಣ ಮಿತವಾಗಿದ್ದಾಗ, ತಿಳಿವಳಿಕೆ ಅಪೂರ್ಣವಾಗಿದ್ದಾಗ, ಮುಂದೇನಾಗುವುದೆಂಬುದು ನಿಶ್ಚಯವಿಲ್ಲದಿದ್ದಾಗ ಜನರು ಒಂದನ್ನು ಬಿಟ್ಟು ಮತ್ತೊಂದನ್ನು ಏಕೆ ಆರಿಸಿಕೊಂಡರು ಎಂಬುದನ್ನು ತಿಳಿಯುವುದೇ ನಮ್ಮ ಶಾಸ್ತ್ರದ ಮುಖ್ಯ ಕಾರ್ಯವಾಗಿದೆ.

೨೦೦೫ರಿಂದ ೨೦೦೮ರವರೆಗಿನ ನಾಲ್ಕು ವರ್ಷಗಳಲ್ಲಿ ಆಟಕ್ಕಾಗಿ ಗಣಕಯಂತ್ರವನ್ನು ತಾವೇ ಜೋಡಿಸಿಕೊಳ್ಳುತ್ತಿದ್ದ ಯುವಜನರ ಮುಂದೆ ಇಂಥದೇ ಒಂದು ಪ್ರಶ್ನೆಯಿತ್ತು. ಪ್ರೊಸೆಸರನ್ನು ಅದರ ತಯಾರಕರು ಗೊತ್ತುಮಾಡಿದ ವೇಗಕ್ಕಿಂತ ಹೆಚ್ಚಿನ ವೇಗದಲ್ಲಿ ಓಡಿಸಬೇಕೆಂಬುದು ಅವರ ಅಪೇಕ್ಷೆ. ಅದಕ್ಕೆ ಎರಡು ಕೋರುಗಳುಳ್ಳ ಯಾವ ಪ್ರೊಸೆಸರನ್ನು ಕೊಳ್ಳಬೇಕು? ಎರಡು ಕೋರು ಸಾಕೇ, ನಾಲ್ಕು ಬೇಕೇ? ಈ ಪ್ರಶ್ನೆಗೆ ಆಗ ದೊರೆತ ಉತ್ತರಗಳನ್ನೂ ಅವುಗಳ ಆಧಾರವನ್ನೂ ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ. ಈ ವಿಷಯದ ಪ್ರಯೋಜನ ಕೇವಲ ಆಟಗಾರರಿಗೆ ಸೀಮಿತವಾದುದಲ್ಲ. ಪೆಟ್ಟಿಗೆಯ ಮೇಲೆ ಮುದ್ರಿತವಾದ ಒಂದು ಸಂಖ್ಯೆಯನ್ನು ನಂಬಿ ಹಣ ತೆರುವ ವಿದ್ಯಾರ್ಥಿಗಳು ಇಂದೂ ನಮ್ಮ ತರಗತಿಗಳಲ್ಲಿದ್ದಾರೆ. ಆ ಸಂಖ್ಯೆ ಏನನ್ನು ಅಳೆಯುತ್ತದೆ, ಏನನ್ನು ಅಳೆಯುವುದಿಲ್ಲ ಎಂದು ಕೇಳುವ ಅಭ್ಯಾಸವನ್ನು ಬೆಳೆಸುವುದು ಅಧ್ಯಾಪಕರಾದ ನಮ್ಮೆಲ್ಲರ ಹೊಣೆ.

೨. ಕೆಲವು ಪಾರಿಭಾಷಿಕ ಶಬ್ದಗಳು

ಗಣಕಯಂತ್ರದಲ್ಲಿ ಲೆಕ್ಕ, ಹೋಲಿಕೆ ಮುಂತಾದ ಕಾರ್ಯಗಳನ್ನು ನಡೆಸುವ ಚಿಪ್ಪಿಗೆ ಪ್ರೊಸೆಸರೆಂದು ಹೆಸರು. ಅದರೊಳಗೆ ಆದೇಶಗಳ ಒಂದು ಸಾಲನ್ನು ತೆಗೆದುಕೊಂಡು ನೆರವೇರಿಸುವ ಘಟಕವೇ ಕೋರ್. ಒಂದೇ ಪ್ರೊಸೆಸರಿನಲ್ಲಿ ಇಂಥ ಎರಡು ಘಟಕಗಳಿದ್ದರೆ ಅದನ್ನು ಡ್ಯುಯಲ್ ಕೋರ್ ಪ್ರೊಸೆಸರೆಂದು ಕರೆಯುತ್ತಾರೆ. ಎರಡು ಕೋರುಗಳು ಎರಡು ಬೇರೆ ಬೇರೆ ಕೆಲಸಗಳನ್ನು ಏಕಕಾಲದಲ್ಲಿ ಮಾಡಬಲ್ಲವು. ಆದರೆ ಒಂದೇ ಕೆಲಸವನ್ನು ಇಬ್ಬಾಗವಾಗಿ ಹಂಚಿಕೊಡದಿದ್ದರೆ ಎರಡನೆಯ ಕೋರು ಸುಮ್ಮನೆ ಕುಳಿತಿರುತ್ತದೆ. ಮುಂದಿನ ವಿವೇಚನೆಗೆಲ್ಲ ಈ ಅಂಶವೇ ತಳಹದಿ.

ಕೋರಿನ ಕಾರ್ಯವು ಒಂದು ನಿಯತವಾದ ಮಿಡಿತವನ್ನು ಅನುಸರಿಸಿ ನಡೆಯುತ್ತದೆ. ಇದಕ್ಕೆ ಕ್ಲಾಕ್ ಎಂದು ಹೆಸರು. ಸೆಕೆಂಡಿಗೆ ನೂರು ಕೋಟಿ ಮಿಡಿತವಾದರೆ ಒಂದು ಗಿಗಾಹರ್ಟ್ಸ್; ಹತ್ತು ಲಕ್ಷ ಮಿಡಿತವಾದರೆ ಒಂದು ಮೆಗಾಹರ್ಟ್ಸ್. ನಾವು ಪರಿಶೀಲಿಸುತ್ತಿರುವ ಕಾಲದ ಪ್ರೊಸೆಸರುಗಳಲ್ಲಿ ಈ ವೇಗವು ಎರಡು ಸಂಖ್ಯೆಗಳ ಗುಣಲಬ್ಧವಾಗಿತ್ತು. ಮೊದಲನೆಯದು ಮದರ್‌ಬೋರ್ಡು ಒದಗಿಸುವ ಮೂಲ ಮಿಡಿತ. ಎರಡನೆಯದು ಪ್ರೊಸೆಸರಿನೊಳಗೆ ನಿಗದಿಯಾದ ಗುಣಕ. ಮೂಲ ಮಿಡಿತ ೨೦೦ ಮೆಗಾಹರ್ಟ್ಸ್, ಗುಣಕ ೧೦ ಆದರೆ ವೇಗವು ೨೦೦೦ ಮೆಗಾಹರ್ಟ್ಸ್, ಎಂದರೆ ೨ ಗಿಗಾಹರ್ಟ್ಸ್. ಸಾಮಾನ್ಯ ಬೆಲೆಯ ಪ್ರೊಸೆಸರುಗಳಲ್ಲಿ ಗುಣಕವನ್ನು ಏರಿಸಲು ಬಾರದಂತೆ ತಯಾರಕರು ಬೀಗ ಹಾಕಿರುತ್ತಿದ್ದರು. ಆದುದರಿಂದ ವೇಗವನ್ನು ಹೆಚ್ಚಿಸಬೇಕೆಂದವರು ಮೂಲ ಮಿಡಿತವನ್ನೇ ಹೆಚ್ಚಿಸಬೇಕಾಗಿತ್ತು. ಹೀಗೆ ನಿಯತ ವೇಗವನ್ನು ಮೀರಿ ಓಡಿಸುವುದಕ್ಕೆ ಓವರ್‌ಕ್ಲಾಕಿಂಗ್ ಎಂಬ ಹೆಸರು ರೂಢಿಯಲ್ಲಿದೆ.

ಇದು ಹೇಗೆ ಸಾಧ್ಯ ಎಂಬ ಶಂಕೆಗೆ ಉತ್ತರವು ಕಾರ್ಖಾನೆಯ ಪದ್ಧತಿಯಲ್ಲಿದೆ. ಸಿಲಿಕಾನಿನ ಒಂದೇ ಬಿಲ್ಲೆಯಿಂದ ಕತ್ತರಿಸಿ ತೆಗೆದ ಚಿಪ್ಪುಗಳೆಲ್ಲವೂ ಒಂದೇ ಗುಣದವಾಗಿರುವುದಿಲ್ಲ. ತಯಾರಕರು ಅವುಗಳನ್ನು ಪರೀಕ್ಷಿಸಿ, ವಿಂಗಡಿಸಿ, ಬೇರೆ ಬೇರೆ ವೇಗದ ಹೆಸರಿಟ್ಟು ಮಾರುತ್ತಾರೆ. ಸೆಕೆಯ ದಿನಗಳಲ್ಲಿಯೂ ಕೆಟ್ಟ ಪೆಟ್ಟಿಗೆಯೊಳಗೂ ವರ್ಷಗಟ್ಟಲೆ ತಪ್ಪದೆ ನಡೆಯಬೇಕೆಂದು ಸ್ವಲ್ಪ ಅವಕಾಶವನ್ನು ಉಳಿಸಿಯೇ ವೇಗವನ್ನು ಗೊತ್ತುಮಾಡುತ್ತಾರೆ. ಅಲ್ಲದೆ ಕಡಮೆ ಬೆಲೆಯ ಮಾದರಿಗೆ ಬೇಡಿಕೆ ಹೆಚ್ಚಿದಾಗ ಉತ್ತಮ ಚಿಪ್ಪುಗಳನ್ನೂ ಕೆಳಗಿನ ಹೆಸರಿನಲ್ಲಿ ಮಾರುವುದುಂಟು. ಈ ಉಳಿಕೆಯ ಅವಕಾಶವೇ ಓವರ್‌ಕ್ಲಾಕಿಂಗಿಗೆ ಆಧಾರ. ೧೯೯೮ರಲ್ಲಿ ಹೊರಬಂದ ಇಂಟೆಲ್ ಸಂಸ್ಥೆಯ ಸೆಲೆರಾನ್ ೩೦೦ಎ ಎಂಬ ಅಗ್ಗದ ಪ್ರೊಸೆಸರು ಇದಕ್ಕೆ ಪ್ರಸಿದ್ಧ ನಿದರ್ಶನ. ಅದರ ಗುಣಕ ೪.೫, ಮೂಲ ಮಿಡಿತವನ್ನು ೬೬ರಿಂದ ೧೦೦ಕ್ಕೆ ಏರಿಸಿದೊಡನೆ ೩೦೦ ಮೆಗಾಹರ್ಟ್ಸಿನ ವೇಗವು ೪೫೦ಕ್ಕೆ ಏರುತ್ತಿತ್ತು. ಅಗ್ಗವಾದುದನ್ನು ಕೊಂಡು ದುಬಾರಿಯದರ ಕೆಲಸವನ್ನು ತೆಗೆಯಬಹುದೆಂಬ ನಂಬಿಕೆ ಆಟಗಾರರಲ್ಲಿ ಆಗಲೇ ಬೇರೂರಿತ್ತು.

೩. ವೇಗದ ಪೈಪೋಟಿಯೂ ಅದರ ಕೊನೆಯೂ

ಒಂದೇ ಕೋರಿನ ವೇಗವನ್ನು ಹೆಚ್ಚಿಸುತ್ತ ಹೋಗುವುದನ್ನು ಬಿಟ್ಟು ತಯಾರಕರು ಎರಡು ಕೋರುಗಳ ಕಡೆಗೆ ತಿರುಗಿದುದು ಉದಾರ ಬುದ್ಧಿಯಿಂದಲ್ಲ, ಅನಿವಾರ್ಯತೆಯಿಂದ. ಟ್ರಾನ್ಸಿಸ್ಟರುಗಳನ್ನು ಚಿಕ್ಕದಾಗಿಸಿದಂತೆ ಅವುಗಳಿಗೆ ಬೇಕಾದ ವೋಲ್ಟೇಜನ್ನೂ ಅದೇ ಪ್ರಮಾಣದಲ್ಲಿ ಇಳಿಸಬಹುದು. ಆದುದರಿಂದ ಶಾಖವು ಏರದೆ ವೇಗವು ಏರುತ್ತದೆ ಎಂಬ ತತ್ತ್ವವನ್ನು ಐಬಿಎಂ ಸಂಸ್ಥೆಯ ರಾಬರ್ಟ್ ಡೆನಾರ್ಡ್ ಮತ್ತು ಅವರ ಸಹೋದ್ಯೋಗಿಗಳು ೧೯೭೪ರಲ್ಲಿ ನಿರೂಪಿಸಿದ್ದರು. ಸುಮಾರು ಮೂರು ದಶಕಗಳ ಕಾಲ ಈ ತತ್ತ್ವವು ಉದ್ಯಮವನ್ನು ನಡೆಸಿತು. ಆದರೆ ಟ್ರಾನ್ಸಿಸ್ಟರು ಅತಿ ಸೂಕ್ಷ್ಮವಾದಂತೆಲ್ಲ, ಕೆಲಸವಿಲ್ಲದಿರುವಾಗಲೂ ಅದರ ಮೂಲಕ ವಿದ್ಯುತ್ತು ಸೋರತೊಡಗಿತು; ವೋಲ್ಟೇಜನ್ನು ಇನ್ನಷ್ಟು ಇಳಿಸುವುದು ಸಾಧ್ಯವಾಗದೆ ಹೋಯಿತು.

ಇಂಟೆಲ್ ಸಂಸ್ಥೆಯ ಪೆಂಟಿಯಂ ೪ ಪ್ರೊಸೆಸರಿನ ಚರಿತ್ರೆಯಲ್ಲಿ ಈ ಬಿಕ್ಕಟ್ಟು ಸ್ಪಷ್ಟವಾಗಿ ಕಾಣುತ್ತದೆ. ೨೦೦೦ದ ನವೆಂಬರಿನಲ್ಲಿ ಹೊರಬಂದ ಅದರ ಮೊದಲ ಮಾದರಿಯಲ್ಲಿ ಪ್ರತಿಯೊಂದು ಆದೇಶವೂ ೨೦ ಹಂತಗಳನ್ನು ದಾಟಬೇಕಾಗಿತ್ತು. ೨೦೦೪ರ ಫೆಬ್ರವರಿಯಲ್ಲಿ ಬಂದ ಪ್ರೆಸ್ಕಾಟ್ ಎಂಬ ಮಾದರಿಯಲ್ಲಿ ಹಂತಗಳ ಸಂಖ್ಯೆ ೩೧ಕ್ಕೆ ಏರಿತು. ಹಂತಗಳು ಹೆಚ್ಚಿದಷ್ಟೂ ಒಂದೊಂದು ಹಂತದ ಕೆಲಸ ಕಡಮೆಯಾಗಿ ಕ್ಲಾಕಿನ ಸಂಖ್ಯೆಯನ್ನು ಏರಿಸುವುದು ಸುಲಭವಾಗುತ್ತದೆ. ಆದರೆ ಮುಂದಿನ ಆದೇಶದ ಊಹೆ ತಪ್ಪಿದಾಗ ಅಷ್ಟೂ ಹಂತಗಳ ಶ್ರಮ ವ್ಯರ್ಥವಾಗುತ್ತದೆ. ಪ್ರೆಸ್ಕಾಟ್ ಬಹಳ ಬಿಸಿಯಾಯಿತು. ೨೦೦೪ರ ಮೇ ತಿಂಗಳಿನಲ್ಲಿ ಅದರ ಉತ್ತರಾಧಿಕಾರಿಯಾಗಬೇಕಿದ್ದ ತೇಹಾಸ್ ಯೋಜನೆಯನ್ನೂ ಅಕ್ಟೋಬರಿನಲ್ಲಿ ೪ ಗಿಗಾಹರ್ಟ್ಸಿನ ಪೆಂಟಿಯಂ ೪ ಮಾದರಿಯನ್ನೂ ಇಂಟೆಲ್ ಕೈಬಿಟ್ಟಿತು. ೩.೮ ಗಿಗಾಹರ್ಟ್ಸಿಗೆ ಆ ವಂಶವು ನಿಂತಿತು. ದೊಡ್ಡ ಸರ್ವರುಗಳಿಗಾಗಿ ಐಬಿಎಂ ೨೦೦೧ರಲ್ಲಿಯೇ ಪವರ್ ೪ ಎಂಬ ಹೆಸರಿನಿಂದ ತಯಾರಿಸಿದ್ದ ಎರಡು ಕೋರುಗಳ ವ್ಯವಸ್ಥೆ ಈಗ ಮನೆಯ ಗಣಕಯಂತ್ರಕ್ಕೂ ಬರಬೇಕಾಯಿತು.

೪. ೨೦೦೫ರ ಎರಡು ಮಾದರಿಗಳು

೨೦೦೫ರ ಮೇ ತಿಂಗಳಿನಲ್ಲಿ ಇಂಟೆಲ್ ಸಂಸ್ಥೆಯ ಪೆಂಟಿಯಂ ಡಿ ಮತ್ತು ಎಎಂಡಿ ಸಂಸ್ಥೆಯ ಅಥ್ಲಾನ್ ೬೪ ಎಕ್ಸ್೨ ಎಂಬ ಪ್ರೊಸೆಸರುಗಳು ಪ್ರಕಟವಾದವು. ಎರಡರಲ್ಲಿಯೂ ಕೋರುಗಳು ಎರಡೇ ಆದರೂ ಅವುಗಳನ್ನು ಕೂಡಿಸಿದ ರೀತಿ ಬೇರೆ. ಪೆಂಟಿಯಂ ಡಿಯಲ್ಲಿ ಪ್ರೆಸ್ಕಾಟ್ ಬಗೆಯ ಎರಡು ಕೋರುಗಳನ್ನು ಪಕ್ಕಪಕ್ಕದಲ್ಲಿ ಇರಿಸಲಾಗಿತ್ತು. ಒಂದು ಕೋರು ಮತ್ತೊಂದಕ್ಕೆ ಏನನ್ನಾದರೂ ತಿಳಿಸಬೇಕಾದರೆ ಆ ವಾರ್ತೆ ಪ್ರೊಸೆಸರಿನಿಂದ ಹೊರಗಿನ ಬಸ್ಸಿಗೆ ಹೋಗಿ ಹಿಂದಿರುಗಬೇಕಾಗಿತ್ತು. ಒಂದೇ ಮನೆಯಲ್ಲಿ ಅಕ್ಕಪಕ್ಕದ ಕೋಣೆಗಳಲ್ಲಿರುವವರು ಬೀದಿಗೆ ಬಂದು ಮಾತನಾಡಿಕೊಂಡಂತೆ ಇದು. ಅಥ್ಲಾನಿನಲ್ಲಿಯಾದರೋ ಕೋರುಗಳು ಚಿಪ್ಪಿನೊಳಗಿನ ಮಾರ್ಗದಿಂದಲೇ ಸಂಧಿಸುತ್ತಿದ್ದವು. ಸ್ಮೃತಿಕೋಶವನ್ನು ನಿಯಂತ್ರಿಸುವ ಭಾಗವೂ ಚಿಪ್ಪಿನೊಳಗೆಯೇ ಇತ್ತು. ಆಟಗಳಲ್ಲಿ ಅಥ್ಲಾನ್ ಮೇಲುಗೈ ಪಡೆದುದಕ್ಕೆ ಇದು ಒಂದು ಮುಖ್ಯ ಕಾರಣ.

ಇಲ್ಲಿ ಹೆಸರುಗಳನ್ನು ಕುರಿತು ಒಂದು ಮಾತನ್ನು ಹೇಳಬೇಕು. ಶಾಸನದಲ್ಲಿ ಬರುವ ಬಿರುದನ್ನು ಅಕ್ಷರಶಃ ನಂಬದಿರುವುದು ಇತಿಹಾಸಕಾರರ ಮೊದಲ ಪಾಠ. ಅಥ್ಲಾನ್ ಎಕ್ಸ್೨ ಮಾಲೆಯಲ್ಲಿ ಅಗ್ಗದ ಪ್ರೊಸೆಸರಿಗೆ ೩೮೦೦+ ಎಂಬ ಹೆಸರಿತ್ತು. ಆದರೆ ಅದರ ನಿಜವಾದ ವೇಗ ೨೦೦೦ ಮೆಗಾಹರ್ಟ್ಸ್ ಮಾತ್ರ. ಜನರು ಮೆಗಾಹರ್ಟ್ಸಿನಿಂದಲೇ ಯೋಗ್ಯತೆಯನ್ನು ಅಳೆಯುತ್ತಿದ್ದುದರಿಂದ, ಒಂದೊಂದು ಮಿಡಿತಕ್ಕೆ ಹೆಚ್ಚು ಕೆಲಸ ಮಾಡುವ ತನ್ನ ಪ್ರೊಸೆಸರುಗಳಿಗೆ ಎಎಂಡಿ ೨೦೦೧ರಿಂದ ಇಂಥ ಗೌರವ ಸಂಖ್ಯೆಗಳನ್ನು ಕೊಡತೊಡಗಿತ್ತು. ಸಂಖ್ಯೆ ಸುಳ್ಳಲ್ಲ, ಆದರೆ ಅದು ಅಳತೆಯೂ ಅಲ್ಲ, ವಕಾಲತ್ತು.

ಕೊಳ್ಳುವವರ ಲೆಕ್ಕ ಹೀಗಿತ್ತು. ೨೦೦೫ರ ಆಗಸ್ಟಿನಲ್ಲಿ ೩೮೦೦+ ಹೊರಬಂದಾಗ ಅದರ ಪ್ರಕಟಿತ ಬೆಲೆ ೩೫೪ ಡಾಲರು. ಅದೇ ಮಾಲೆಯ ಮೇಲ್ತುದಿಯಲ್ಲಿದ್ದ ೪೮೦೦+ ಎಂಬುದರ ಆರಂಭದ ಬೆಲೆ ೧೦೦೧ ಡಾಲರು. ಅದರ ವೇಗ ೨೪೦೦ ಮೆಗಾಹರ್ಟ್ಸ್. ೩೮೦೦+ರ ಗುಣಕ ೧೦. ಮೂಲ ಮಿಡಿತವನ್ನು ೨೦೦ರಿಂದ ೨೫೦ಕ್ಕೆ ಏರಿಸಿದರೆ ವೇಗವು ೨೫೦೦ ಆಗಿ ದುಬಾರಿ ಮಾದರಿಯ ನಿಯತ ವೇಗವನ್ನೇ ಮೀರುತ್ತಿತ್ತು. ಕ್ಯಾಶ್ ಎಂಬ ಒಳಗಿನ ಸಣ್ಣ ಸ್ಮೃತಿಕೋಶವು ಅಗ್ಗದ ಮಾದರಿಯಲ್ಲಿ ಅರ್ಧದಷ್ಟೇ ಇದ್ದುದು ನಿಜ. ಆದರೆ ಆ ಕೊರತೆಗೆ ಸುಮಾರು ೬೫೦ ಡಾಲರು ತೆರುವಷ್ಟು ಬೆಲೆಯಿರಲಿಲ್ಲ. ಇತ್ತ ೨೦೦೬ರ ಮೊದಲ ಭಾಗದಲ್ಲಿ ಬಂದ ಪೆಂಟಿಯಂ ಡಿ ೮೦೫ ಬಹಳ ಅಗ್ಗವಾಗಿತ್ತು. ಗುಣಕ ೨೦ ಆದುದರಿಂದ ಮೂಲ ಮಿಡಿತವನ್ನು ೧೩೩ರಿಂದ ೨೦೦ಕ್ಕೆ ಏರಿಸಿದರೆ ೨.೬೬ ಗಿಗಾಹರ್ಟ್ಸ್ ೪ ಗಿಗಾಹರ್ಟ್ಸ್ ಆಗುತ್ತಿತ್ತು. ಇಂಟೆಲ್ ಸ್ವತಃ ಮಾರಲಾರದೆ ಕೈಬಿಟ್ಟ ಸಂಖ್ಯೆಯನ್ನು ಆಟಗಾರರು ತಮ್ಮ ಮನೆಯಲ್ಲಿ ಕಂಡರು. ಆದರೆ ಅದಕ್ಕೆ ತೆತ್ತ ವಿದ್ಯುತ್ತೂ ಹೊರಟ ಶಾಖವೂ ವಿಪರೀತವಾಗಿದ್ದವು. ಉತ್ತಮ ಶೀತಕವನ್ನು ಕೊಂಡ ಬಳಿಕ ಅಗ್ಗದ ಮಾತು ಉಳಿಯುತ್ತಿರಲಿಲ್ಲ.

೫. ೨೦೦೬ರ ಪರಿವರ್ತನೆ

೨೦೦೬ರ ಜುಲೈ ೨೭ರಂದು ಇಂಟೆಲ್ ಕೋರ್ ೨ ಡ್ಯುಯೊ ಎಂಬ ಮಾಲೆಯನ್ನು ಪ್ರಕಟಿಸಿತು. ಮಡಿಲಲ್ಲಿಟ್ಟು ಬಳಸುವ ಗಣಕಯಂತ್ರಗಳಿಗಾಗಿ ಇಸ್ರೇಲಿನ ಹೈಫಾದಲ್ಲಿ ರೂಪುಗೊಂಡು ೨೦೦೩ರಲ್ಲಿ ಬಂದಿದ್ದ ಪೆಂಟಿಯಂ ಎಂ ಪ್ರೊಸೆಸರಿನ ವಿಚಾರಧಾರೆಯೇ ಇದರ ಮೂಲ. ಬ್ಯಾಟರಿಯನ್ನು ಉಳಿಸಬೇಕೆಂಬ ಮಿತವ್ಯಯದ ಬುದ್ಧಿ ವೇಗದ ಸ್ಪರ್ಧೆಯಲ್ಲಿಯೂ ಗೆದ್ದುದು ಗಮನಿಸತಕ್ಕ ಸಂಗತಿ. ಇಲ್ಲಿ ಹಂತಗಳ ಸಂಖ್ಯೆ ೩೧ರಿಂದ ೧೪ಕ್ಕೆ ಇಳಿಯಿತು; ಕೋರುಗಳೆರಡೂ ಒಂದೇ ಕ್ಯಾಶನ್ನು ಹಂಚಿಕೊಂಡವು; ತಯಾರಕರು ಹೇಳಿದ ಶಾಖದ ಮಿತಿ ೬೫ ವಾಟ್. ಕ್ಲಾಕಿನ ಸಂಖ್ಯೆ ಇಳಿದು ಕೆಲಸ ಏರಿತು. ಮೆಗಾಹರ್ಟ್ಸೇ ಪ್ರಮಾಣವೆಂಬ ನಂಬಿಕೆಯನ್ನು ಅದನ್ನು ಬೆಳೆಸಿದ ಸಂಸ್ಥೆಯೇ ಮುರಿಯಿತು.

ಓವರ್‌ಕ್ಲಾಕಿಂಗಿನ ದೃಷ್ಟಿಯಿಂದ ಈ ಮಾಲೆಯಲ್ಲಿ ಆರಿಸಬೇಕಾದುದು ಯಾವುದು? ಮುಖ್ಯವಾಗಿ ಮೂರು ಮಾದರಿಗಳು ಪರಿಶೀಲನೆಗೆ ಬರುತ್ತಿದ್ದವು. ಇ೬೩೦೦: ೧.೮೬ ಗಿಗಾಹರ್ಟ್ಸ್, ಗುಣಕ ೭, ಬೆಲೆ ೧೮೩ ಡಾಲರು. ಇ೬೪೦೦: ೨.೧೩ ಗಿಗಾಹರ್ಟ್ಸ್, ಗುಣಕ ೮, ಬೆಲೆ ೨೨೪ ಡಾಲರು. ಇ೬೬೦೦: ೨.೪ ಗಿಗಾಹರ್ಟ್ಸ್, ಗುಣಕ ೯, ಬೆಲೆ ೩೧೬ ಡಾಲರು. ಮೊದಲೆರಡರಲ್ಲಿ ಕ್ಯಾಶ್ ೨ ಮೆಗಾಬೈಟ್, ಮೂರನೆಯದರಲ್ಲಿ ೪. ಮೂರಕ್ಕೂ ಮೂಲ ಮಿಡಿತ ೨೬೬ ಮೆಗಾಹರ್ಟ್ಸ್. ಪೆಟ್ಟಿಗೆಯ ಮೇಲೆ ೧೦೬೬ ಎಂದು ಬರೆದಿರುತ್ತಿದ್ದುದು ಒಂದು ಮಿಡಿತಕ್ಕೆ ನಾಲ್ಕು ಬಾರಿ ದತ್ತಾಂಶವನ್ನು ಕಳುಹಿಸುವ ಲೆಕ್ಕದಿಂದ. ಈ ಬೆಲೆಗಳು ಸಾವಿರ ಪ್ರೊಸೆಸರುಗಳನ್ನು ಒಟ್ಟಿಗೆ ಕೊಳ್ಳುವ ವ್ಯಾಪಾರಿಗಳಿಗೆ ಹೇಳಿದವು. ಅಂಗಡಿಯ ಬೆಲೆ ಬೇರೆಯಾಗಿರುತ್ತಿತ್ತು.

ಸ್ಥೂಲದೃಷ್ಟಿಗೆ ಅಗ್ಗದ ಇ೬೩೦೦ ಯುಕ್ತವೆಂದು ಕಾಣುತ್ತದೆ. ಮೂಲ ಮಿಡಿತವನ್ನು ೪೦೦ಕ್ಕೆ ಏರಿಸಿದರೆ ಅದು ೨.೮ ಗಿಗಾಹರ್ಟ್ಸ್ ತಲಪುತ್ತದೆ. ಎಂದರೆ ನಿಯತ ವೇಗದ ಒಂದೂವರೆಯಷ್ಟು. ಆದರೆ ಗುಣಕವು ಕಡಮೆಯಿದ್ದಷ್ಟೂ ಭಾರವು ಮದರ್‌ಬೋರ್ಡಿನ ಮೇಲೆ ಬೀಳುತ್ತದೆ. ೩ ಗಿಗಾಹರ್ಟ್ಸ್ ಬೇಕೆಂದರೆ ಇ೬೬೦೦ಕ್ಕೆ ೩೩೩ರ ಮೂಲ ಮಿಡಿತ ಸಾಕು. ಇ೬೩೦೦ಕ್ಕೆ ಸುಮಾರು ೪೨೯ ಬೇಕು. ಆಗ ಪ್ರಚಲಿತವಾಗಿದ್ದ ಡಿಡಿಆರ್೨-೮೦೦ ಎಂಬ ಸ್ಮೃತಿಫಲಕದ ನಿಜವಾದ ಮಿಡಿತ ೪೦೦. ಮೂಲ ಮಿಡಿತವು ೪೦೦ರವರೆಗೆ ಇದ್ದರೆ ಸ್ಮೃತಿಫಲಕವೂ ಅದರೊಡನೆ ಸಮವಾಗಿ ನಡೆಯುತ್ತದೆ. ಅದನ್ನು ದಾಟಿದರೆ ಇನ್ನೂ ದುಬಾರಿಯಾದ ಫಲಕವೂ ಉತ್ತಮ ಮದರ್‌ಬೋರ್ಡೂ ಬೇಕಾಗುತ್ತವೆ. ಪ್ರೊಸೆಸರಿನಲ್ಲಿ ಉಳಿಸಿದ ಹಣ ಹೀಗೆ ಮತ್ತೊಂದು ಬಾಗಿಲಿನಿಂದ ಹೋಗುತ್ತದೆ. ಆದುದರಿಂದ ಸಾಧಾರಣ ಮದರ್‌ಬೋರ್ಡು ಉಳ್ಳವರಿಗೆ ಗುಣಕ ಹೆಚ್ಚಾದ ಇ೬೬೦೦, ೪೦೦ರ ಮಿಡಿತವನ್ನು ನಿಶ್ಚಯವಾಗಿ ಕೊಡುವ ಬೋರ್ಡುಳ್ಳವರಿಗೆ ಇ೬೪೦೦ ಯುಕ್ತವೆಂಬುದು ಲೆಕ್ಕದಿಂದ ಹೊರಡುವ ನಿರ್ಣಯ. ಪ್ರೊಸೆಸರನ್ನು ಮಾತ್ರ ಪ್ರತ್ಯೇಕಿಸಿ ಆರಿಸುವುದು ಸಾಧ್ಯವಿಲ್ಲವೆಂಬುದು ಇದರ ತಾತ್ಪರ್ಯ.

೬. ಎರಡೋ ನಾಲ್ಕೋ

೨೦೦೭ರ ಜುಲೈನಲ್ಲಿ ಸಮಸ್ಯೆ ಹೊಸ ರೂಪವನ್ನು ತಾಳಿತು. ನಾಲ್ಕು ಕೋರುಗಳ ಕ್ಯೂ೬೬೦೦ ಪ್ರೊಸೆಸರಿನ ಬೆಲೆಯನ್ನು ಇಂಟೆಲ್ ೨೬೬ ಡಾಲರಿಗೆ ಇಳಿಸಿತು. ಆ ವರ್ಷದ ಆರಂಭದಲ್ಲಿ ಅದರ ಬೆಲೆ ೮೫೧ ಡಾಲರಿತ್ತು. ೨೦೦೮ರ ಜನವರಿಯಲ್ಲಿ ೪೫ ನ್ಯಾನೊಮೀಟರಿನ ಹೊಸ ವಿಧಾನದಿಂದ ತಯಾರಾದ ಎರಡು ಕೋರುಗಳ ಇ೮೪೦೦ ಬಂದಿತು. ಅದರ ವೇಗ ೩ ಗಿಗಾಹರ್ಟ್ಸ್, ಬೆಲೆ ೧೮೩ ಡಾಲರು. ಕ್ಯೂ೬೬೦೦ರ ಮೂಲ ಮಿಡಿತವನ್ನು ೨೬೬ರಿಂದ ೩೩೩ಕ್ಕೆ ಏರಿಸಿ ೩ ಗಿಗಾಹರ್ಟ್ಸಿನಲ್ಲಿಯೂ ಇ೮೪೦೦ರದನ್ನು ೩೩೩ರಿಂದ ೪೦೦ಕ್ಕೆ ಏರಿಸಿ ೩.೬ ಗಿಗಾಹರ್ಟ್ಸಿನಲ್ಲಿಯೂ ಓಡಿಸುವುದು ರೂಢಿಯಾಯಿತು. ಕಡಮೆ ಕೋರುಗಳ ಹೆಚ್ಚಿನ ವೇಗವೋ, ಹೆಚ್ಚು ಕೋರುಗಳ ಕಡಮೆ ವೇಗವೋ ಎಂಬುದು ಆಗಿನ ವಾದ.

ಈ ವಾದವನ್ನು ತೀರ್ಮಾನಿಸುವ ಸೂತ್ರ ನಲವತ್ತು ವರ್ಷ ಮೊದಲೇ ದೊರೆತಿತ್ತು. ೧೯೬೭ರಲ್ಲಿ ಜೀನ್ ಆಮ್‌ಡಾಲ್ ಎಂಬ ಯಂತ್ರಶಿಲ್ಪಿ ಮಂಡಿಸಿದ ವಿಚಾರವಿದು: ಒಂದು ಕೆಲಸದಲ್ಲಿ ಹಂಚಲು ಬರುವ ಭಾಗವೂ ಹಂಚಲು ಬಾರದ ಭಾಗವೂ ಇರುತ್ತವೆ, ಎಷ್ಟೇ ಜನರನ್ನು ಕೂಡಿಸಿದರೂ ಹಂಚಲು ಬಾರದ ಭಾಗಕ್ಕೆ ತಗಲುವ ಕಾಲ ಕಡಮೆಯಾಗುವುದಿಲ್ಲ. ಮದುವೆಯ ಮನೆಯಲ್ಲಿ ತರಕಾರಿ ಹೆಚ್ಚಲು ಹತ್ತು ಜನರಿದ್ದರೆ ಬೇಗ ಮುಗಿಯುತ್ತದೆ. ಅನ್ನ ಬೇಯುವ ಹೊತ್ತು ಮಾತ್ರ ಅಷ್ಟೇ.

ಇದನ್ನು ನಮ್ಮ ಎರಡು ಪ್ರೊಸೆಸರುಗಳಿಗೆ ಅನ್ವಯಿಸಿ ನೋಡೋಣ. ಲೆಕ್ಕದ ಸೌಕರ್ಯಕ್ಕಾಗಿ ಒಂದೊಂದು ಮಿಡಿತಕ್ಕೆ ಎರಡೂ ಒಂದೇ ಪ್ರಮಾಣದ ಕೆಲಸ ಮಾಡುತ್ತವೆಂದು ಭಾವಿಸುವೆವು. ಆಟದ ಕೆಲಸದಲ್ಲಿ ನೂರಕ್ಕೆ ೩೦ ಭಾಗ ಮಾತ್ರ ಹಂಚಲು ಬರುವುದಾದರೆ, ಎರಡು ಕೋರುಗಳಿಂದ ದೊರೆಯುವ ವೃದ್ಧಿ ೧.೧೮ರಷ್ಟು, ೩.೬ರಿಂದ ಗುಣಿಸಿದರೆ ಫಲ ಸುಮಾರು ೪.೨೪. ನಾಲ್ಕು ಕೋರುಗಳ ವೃದ್ಧಿ ೧.೨೯, ೩ರಿಂದ ಗುಣಿಸಿದರೆ ೩.೮೭. ಇಲ್ಲಿ ಎರಡು ಕೋರುಗಳೇ ಮೇಲು. ನೂರಕ್ಕೆ ೬೦ ಭಾಗ ಹಂಚಲು ಬರುವುದಾದರೆ ಎರಡು ಕೋರುಗಳ ಫಲ ೫.೧೪, ನಾಲ್ಕರದು ೫.೪೫, ಈಗ ನಾಲ್ಕು ಮೇಲು. ಸರಿಯಾಗಿ ಅರ್ಧ ಭಾಗ ಹಂಚಲು ಬರುವಲ್ಲಿ ಎರಡರ ಫಲವೂ ೪.೮ ಆಗಿ ತಕ್ಕಡಿ ಸಮವಾಗಿ ನಿಲ್ಲುತ್ತದೆ. ಆದುದರಿಂದ ಯಾವ ಪ್ರೊಸೆಸರು ಉತ್ತಮ ಎಂಬ ಪ್ರಶ್ನೆಗೆ ಪ್ರೊಸೆಸರಿನಲ್ಲಿ ಉತ್ತರವಿಲ್ಲ. ಆಟವನ್ನು ಬರೆದವರು ಅದರ ಕೆಲಸವನ್ನು ಅರ್ಧಕ್ಕಿಂತ ಹೆಚ್ಚಾಗಿ ಹಂಚಿದ್ದಾರೆಯೇ ಎಂಬುದರಲ್ಲಿದೆ.

ಇದನ್ನು ತಿಳಿಯಲು ಆ ಕಾಲದ ಕೊಳ್ಳುವವರಿಗೆ ಇದ್ದ ಸಾಕ್ಷ್ಯವೆಂದರೆ ಆಟಗಳೊಡನೆ ಪ್ರಕಟವಾಗುತ್ತಿದ್ದ ಯಂತ್ರಾಂಶದ ಸೂಚನೆಗಳು. ೨೦೦೭ರ ನವೆಂಬರಿನಲ್ಲಿ ಬಂದ ಕ್ರೈಸಿಸ್ ಎಂಬ ಆಟ ಗಣಕಯಂತ್ರವನ್ನು ದಣಿಸುವುದರಲ್ಲಿ ಹೆಸರಾದುದು. ಅದರ ಸೂಚನೆಯಲ್ಲಿ ಯೋಗ್ಯವೆಂದು ಹೇಳಿದ್ದು ಎರಡು ಕೋರುಗಳ ಪ್ರೊಸೆಸರನ್ನೇ. ೨೦೦೮ರ ಡಿಸೆಂಬರಿನಲ್ಲಿ ಗಣಕಯಂತ್ರಕ್ಕೆ ಬಂದ ಗ್ರ್ಯಾಂಡ್ ಥೆಫ್ಟ್ ಆಟೊ ೪ ಎಂಬುದರ ಸೂಚನೆಯಲ್ಲಿ ಎರಡು ಕೋರು ಕನಿಷ್ಠವಾಗಿಯೂ ೨.೪ ಗಿಗಾಹರ್ಟ್ಸಿನ ನಾಲ್ಕು ಕೋರು ಯೋಗ್ಯವಾಗಿಯೂ ನಮೂದಾಗಿದ್ದವು. ಇವೆರಡರ ನಡುವೆ ಇರುವುದು ಹದಿಮೂರು ತಿಂಗಳು. ಇ೮೪೦೦ ಬಂದುದು ಈ ಅವಧಿಯ ಆರಂಭದಲ್ಲಿ. ಆ ಜನವರಿಯಲ್ಲಿ ಅದನ್ನು ಕೊಂಡವರ ಕಣ್ಣೆದುರಿಗೆ ಮೊದಲನೆಯ ಸಾಕ್ಷ್ಯವಿತ್ತು, ಎರಡನೆಯದಿರಲಿಲ್ಲ.

೭. ಹೆಚ್ಚಿನ ವೇಗಕ್ಕೆ ತೆರುವ ಬೆಲೆ

ಓವರ್‌ಕ್ಲಾಕಿಂಗಿನಿಂದ ದೊರೆಯುವ ವೇಗವು ಬಿಟ್ಟಿಯೆಂಬ ಭಾವನೆ ಆಟಗಾರರಲ್ಲಿ ಇದ್ದಿತು. ಇದು ಪೂರ್ತಿಯಾಗಿ ನಿಜವಲ್ಲ. ಪ್ರೊಸೆಸರು ಕೆಲಸದಲ್ಲಿ ಬಳಸುವ ವಿದ್ಯುತ್ತು ವೇಗಕ್ಕೆ ಅನುಪಾತವಾಗಿಯೂ ವೋಲ್ಟೇಜಿನ ವರ್ಗಕ್ಕೆ ಅನುಪಾತವಾಗಿಯೂ ಏರುತ್ತದೆ. ವೇಗವನ್ನು ನೂರಕ್ಕೆ ೨೦ರಷ್ಟು ಏರಿಸಲು ವೋಲ್ಟೇಜನ್ನು ನೂರಕ್ಕೆ ೧೦ರಷ್ಟು ಏರಿಸಬೇಕಾಯಿತೆಂದು ಇಟ್ಟುಕೊಂಡರೆ, ವಿದ್ಯುತ್ತು ೧.೨ ಮತ್ತು ೧.೨೧ರ ಗುಣಲಬ್ಧದಷ್ಟು, ಎಂದರೆ ಸುಮಾರು ೧.೪೫ರಷ್ಟು ಆಗುತ್ತದೆ. ಗಳಿಕೆ ಐದರಲ್ಲಿ ಒಂದು ಪಾಲು. ತೆರಿಗೆ ಅರ್ಧಕ್ಕೆ ಸಮೀಪ. ವೋಲ್ಟೇಜನ್ನು ಮುಟ್ಟದೆ ದೊರೆಯುವ ವೇಗವೇ ನಿಜವಾದ ಲಾಭ. ಅದರಿಂದಾಚೆಗೆ ಇಡುವ ಒಂದೊಂದು ಹೆಜ್ಜೆಯೂ ದುಬಾರಿ.

ಇದರೊಡನೆ ಬೇರೆ ಅಪಾಯಗಳೂ ಉಂಟು. ನಿಯತ ವೇಗವನ್ನು ಮೀರಿದರೆ ತಯಾರಕರ ಖಾತರಿ ತಪ್ಪಿಹೋಗುತ್ತದೆ. ಒಂದೇ ಹೆಸರಿನ ಎರಡು ಚಿಪ್ಪುಗಳಲ್ಲಿ ಒಂದು ಏರಿದಷ್ಟು ಮತ್ತೊಂದು ಏರದಿರಬಹುದು. ಆದುದರಿಂದ ಬೇರೆಯವರ ಫಲಿತಾಂಶವನ್ನು ತನ್ನ ಹಕ್ಕೆಂದು ತಿಳಿಯುವುದು ಸಲ್ಲದು. ಅಸ್ಥಿರವಾದ ಯಂತ್ರವು ಆಟವನ್ನು ನಿಲ್ಲಿಸುವುದಷ್ಟೇ ಅಲ್ಲ, ಗೊತ್ತಿಲ್ಲದಂತೆ ಲೆಕ್ಕವನ್ನೂ ಕೆಡಿಸಬಹುದು. ಅದೇ ಯಂತ್ರದಲ್ಲಿ ಪ್ರಬಂಧವನ್ನೋ ಪ್ರಯೋಗದ ಅಂಕಿಗಳನ್ನೋ ಇಟ್ಟುಕೊಂಡ ವಿದ್ಯಾರ್ಥಿಗೆ ಇದು ಸಣ್ಣ ವಿಷಯವಲ್ಲ. ಆದ್ದರಿಂದಲೇ ಸ್ವಲ್ಪಸ್ವಲ್ಪವಾಗಿ ಮಿಡಿತವನ್ನು ಏರಿಸಿ, ಪ್ರತಿ ಹೆಜ್ಜೆಯಲ್ಲಿಯೂ ಗಂಟೆಗಟ್ಟಲೆ ಕಠಿಣ ಲೆಕ್ಕವನ್ನು ಮಾಡಿಸಿ ಶಾಖವನ್ನೂ ತಪ್ಪನ್ನೂ ಪರೀಕ್ಷಿಸುವ ಕ್ರಮ ಬೆಳೆದು ಬಂದಿತು.

ಇನ್ನೊಂದು ಅಂಶವನ್ನು ಮರೆಯಲಾಗದು. ಪರದೆಯ ಮೇಲಿನ ಚಿತ್ರವನ್ನು ರಚಿಸುವುದು ಮುಖ್ಯವಾಗಿ ಗ್ರಾಫಿಕ್ಸ್ ಕಾರ್ಡಿನ ಕೆಲಸ. ಚಿತ್ರದ ಸೂಕ್ಷ್ಮತೆಯನ್ನು ಹೆಚ್ಚಿಸಿದಾಗ ಆ ಕಾರ್ಡೇ ಹಿಂದೆ ಬಿದ್ದು ಪ್ರೊಸೆಸರು ಕಾಯುತ್ತ ಕುಳಿತಿರುತ್ತದೆ. ಆಗ ಪ್ರೊಸೆಸರಿನ ವೇಗವನ್ನು ಎಷ್ಟು ಏರಿಸಿದರೂ ಆಟದಲ್ಲಿ ವ್ಯತ್ಯಾಸ ಕಾಣುವುದಿಲ್ಲ. ಮಿತವಾದ ಹಣವುಳ್ಳವರು ಅಗ್ಗದ ಪ್ರೊಸೆಸರನ್ನು ಕೊಂಡು, ಅದರ ವೇಗವನ್ನು ಏರಿಸಿಕೊಂಡು, ಉಳಿದ ಹಣವನ್ನು ಕಾರ್ಡಿಗೆ ವಿನಿಯೋಗಿಸಿದುದು ಈ ತಿಳಿವಳಿಕೆಯಿಂದಲೇ.

೮. ಮುಂದಿನ ಸಂಗತಿಗಳು

ಎರಡು ಕೋರುಗಳ ಕಾಲ ಅನಂತರ ಹೇಗೆ ಮುಗಿಯಿತೆಂಬುದನ್ನು ಸಂಗ್ರಹವಾಗಿ ಹೇಳಬಹುದು. ಅದನ್ನು ಮುಗಿಸಿದವರು ಪ್ರೊಸೆಸರುಗಳ ತಯಾರಕರು ಮಾತ್ರವಲ್ಲ. ಟೆಲಿವಿಷನ್ನಿಗೆ ಜೋಡಿಸಿ ಆಡುವ ಆಟದ ಯಂತ್ರಗಳ ನಿರ್ಮಾಪಕರೂ ಅದರಲ್ಲಿ ಭಾಗಿಗಳು. ೨೦೦೫ರ ನವೆಂಬರಿನಲ್ಲಿ ಬಂದ ಎಕ್ಸ್‌ಬಾಕ್ಸ್ ೩೬೦ರಲ್ಲಿ ಮೂರು ಕೋರುಗಳಿದ್ದವು. ೨೦೧೩ರ ನವೆಂಬರಿನಲ್ಲಿ ಬಂದ ಪ್ಲೇಸ್ಟೇಷನ್ ೪ ಮತ್ತು ಎಕ್ಸ್‌ಬಾಕ್ಸ್ ಒನ್ ಯಂತ್ರಗಳಲ್ಲಿ ಎಂಟೆಂಟು ಕೋರುಗಳಿದ್ದವು. ಆ ಯಂತ್ರಗಳಿಗಾಗಿ ಆಟ ಬರೆಯುವವರು ಕೆಲಸವನ್ನು ಹಂಚುವುದನ್ನು ಕಲಿಯಲೇಬೇಕಾಯಿತು. ಅದೇ ಆಟಗಳು ಗಣಕಯಂತ್ರಕ್ಕೂ ಬಂದವು.

೨೦೧೪ರಲ್ಲಿ ಪೆಂಟಿಯಂ ಎಂಬ ಹೆಸರಿನ ಇಪ್ಪತ್ತನೆಯ ವರ್ಷದ ನೆನಪಿಗಾಗಿ ಇಂಟೆಲ್ ಜಿ೩೨೫೮ ಎಂಬ ಎರಡು ಕೋರುಗಳ ಪ್ರೊಸೆಸರನ್ನು ಗುಣಕದ ಬೀಗವನ್ನು ತೆಗೆದು ೭೨ ಡಾಲರಿಗೆ ಮಾರಿತು. ಹಳೆಯ ಸೆಲೆರಾನಿನ ದಿನಗಳು ಮರಳಿದುವೆಂದು ಓವರ್‌ಕ್ಲಾಕಿಂಗಿನ ಆಸಕ್ತರು ಹರ್ಷಪಟ್ಟರು. ಆದರೆ ಅದೇ ವರ್ಷದ ನವೆಂಬರಿನಲ್ಲಿ ಬಂದ ಫಾರ್ ಕ್ರೈ ೪ ಎಂಬ ಆಟವು, ಬಿಡುಗಡೆಯಾದಾಗ, ಇಂಥ ಎರಡೇ ಕೋರುಗಳ ಪ್ರೊಸೆಸರಿನ ಮೇಲೆ ಆರಂಭವೇ ಆಗಲಿಲ್ಲ. ವೇಗವು ಎಷ್ಟಿದ್ದರೂ ಅದು ಕೇಳಿದ್ದು ಬೇರೆ ಅರ್ಹತೆಯನ್ನು.

ಈ ಚರಿತ್ರೆಗೆ ನಮ್ಮ ನಾಡಿನ ಸಂಬಂಧವೂ ಒಂದುಂಟು. ೨೦೦೮ರ ಸೆಪ್ಟೆಂಬರಿನಲ್ಲಿ ಇಂಟೆಲ್ ಪ್ರಕಟಿಸಿದ ಜಿಯಾನ್ ೭೪೦೦ ಎಂಬ ಸರ್ವರು ಪ್ರೊಸೆಸರು ಆ ಸಂಸ್ಥೆಯ ಬೆಂಗಳೂರಿನ ಕೇಂದ್ರದಲ್ಲಿ ರೂಪುಗೊಂಡುದು. ಅದರಲ್ಲಿದ್ದ ಆರು ಕೋರುಗಳು ಎರಡೆರಡರ ಮೂರು ಜೋಡಿಗಳಾಗಿ ಒಂದೇ ಚಿಪ್ಪಿನ ಮೇಲೆ ಕೂಡಿದ್ದವು. ಆ ಕೋರುಗಳು ಇ೮೪೦೦ರ ವಂಶದವೇ. ಆಟಗಾರರು ಎರಡೋ ನಾಲ್ಕೋ ಎಂದು ವಾದಿಸುತ್ತಿದ್ದ ವರ್ಷದಲ್ಲಿಯೇ ಎರಡು ಕೋರುಗಳ ಘಟಕವು ದೊಡ್ಡ ಕಟ್ಟಡದ ಇಟ್ಟಿಗೆಯಾಗಿ ಪರಿಣಮಿಸುತ್ತಿತ್ತು.

೯. ಉಪಸಂಹಾರ

ಹಾಗಾದರೆ ೨೦೦೮ರ ಜನವರಿಯಲ್ಲಿ ಎರಡು ಕೋರುಗಳ ಪ್ರೊಸೆಸರನ್ನು ಕೊಂಡವರು ತಪ್ಪಿದರೇ? ಅನಂತರದ ಸಂಗತಿಗಳನ್ನು ಬಲ್ಲ ನಾವು ಹೌದೆಂದು ಹೇಳುವುದು ಸುಲಭ; ಆದರೆ ಅದು ನ್ಯಾಯವಲ್ಲ. ಅಂದಿನ ಆಟಗಳು ಅರ್ಧಕ್ಕಿಂತ ಕಡಮೆ ಕೆಲಸವನ್ನು ಹಂಚುತ್ತಿದ್ದಷ್ಟು ಕಾಲ ೧೮೩ ಡಾಲರಿನ ಆಯ್ಕೆ ೨೬೬ ಡಾಲರಿನದಕ್ಕಿಂತ ಹೆಚ್ಚಿನ ಫಲವನ್ನು ಕೊಟ್ಟಿತು. ಎರಡು ವರ್ಷಗಳಲ್ಲಿ ಯಂತ್ರವನ್ನು ಬದಲಾಯಿಸುವ ಶಕ್ತಿಯುಳ್ಳವರಿಗೆ ಅದು ಸರಿಯಾದ ನಿರ್ಧಾರ. ಐದಾರು ವರ್ಷ ಅದೇ ಯಂತ್ರದಲ್ಲಿ ಕಾಲ ಕಳೆಯಬೇಕಾದವರಿಗೆ, ಎಂದರೆ ಹಣ ಕಡಮೆಯಿದ್ದವರಿ‌ಗೇ, ಹೆಚ್ಚಿನ ೮೩ ಡಾಲರನ್ನು ತೆತ್ತು ನಾಲ್ಕು ಕೋರುಗಳನ್ನು ಕೊಳ್ಳುವುದು ಯುಕ್ತವಾಗಿತ್ತು. ಒಂದೇ ವಸ್ತು ಒಬ್ಬರಿಗೆ ಅಗ್ಗವೂ ಇನ್ನೊಬ್ಬರಿಗೆ ದುಬಾರಿಯೂ ಆಗುವುದು ಹೀಗೆ. ಬೆಲೆಯ ಪಟ್ಟಿಯಲ್ಲಿ ಇದು ಕಾಣುವುದಿಲ್ಲ.

ಈ ವಿವೇಚನೆಯಿಂದ ಹೊರಡುವ ನಿಯಮಗಳನ್ನು ಹೀಗೆ ಸಂಗ್ರಹಿಸಬಹುದು. ಹೆಸರಿನಲ್ಲಿರುವ ಸಂಖ್ಯೆಯನ್ನು ಅಳತೆಯೆಂದು ತಿಳಿಯಬಾರದು. ಕೆಲಸದ ಸ್ವರೂಪವನ್ನು ಮೊದಲು ತಿಳಿದು ಆಮೇಲೆ ಸಾಧನವನ್ನು ಆರಿಸಬೇಕು. ಒಂದು ಭಾಗದಲ್ಲಿ ಉಳಿಸಿದುದನ್ನು ಮತ್ತೊಂದು ಭಾಗದಲ್ಲಿ ಕಳೆಯುವೆವೇ ಎಂದು ಲೆಕ್ಕ ಹಾಕಬೇಕು. ವಸ್ತುವನ್ನು ಎಷ್ಟು ಕಾಲ ಬಳಸುವೆವೆಂಬುದನ್ನು ಬೆಲೆಯೊಡನೆ ಸೇರಿಸಿ ನೋಡಬೇಕು. ಇಂದಿನ ಆಟಗಳಿಗೆ ಎರಡು ಕೋರುಗಳ ಪ್ರೊಸೆಸರು ಸಾಮಾನ್ಯವಾಗಿ ಸಾಲದು. ಆದರೆ ಕೋರುಗಳ ಸಂಖ್ಯೆಯೇ ಇಂದು ಹಿಂದಿನ ಮೆಗಾಹರ್ಟ್ಸಿನ ಸ್ಥಾನವನ್ನು ಆಕ್ರಮಿಸಿ ಪೆಟ್ಟಿಗೆಯ ಮೇಲೆ ರಾರಾಜಿಸುತ್ತಿದೆ. ಆದುದರಿಂದ ಈ ನಿಯಮಗಳ ಪ್ರಯೋಜನ ತೀರಿಲ್ಲ. ಹಿಂದಿನವರ ಆಯ್ಕೆಯನ್ನು ಅವರ ಕಾಲದ ಬೆಳಕಿನಲ್ಲಿ ನೋಡುವುದನ್ನು ಕಲಿತವರು ತಮ್ಮ ಆಯ್ಕೆಯನ್ನೂ ಇನ್ನಷ್ಟು ಎಚ್ಚರದಿಂದ ಮಾಡಬಲ್ಲರೆಂದು ನಾವು ನಂಬಿದ್ದೇವೆ.